‘ಇದು ಕುವೈತ್’: ಆ ರೇಡಿಯೋ ಯಾರನ್ನು ಕರೆಯುತ್ತಿದೆ?

2024ರ ಏಪ್ರಿಲ್ 21, ಭಾನುವಾರ. ರಾತ್ರಿ ಎಂಟೂವರೆಗೆ ಕುವೈತ್‌ನ ಸರ್ಕಾರಿ ರೇಡಿಯೋದಲ್ಲಿ ಹಿಂದಿ ಶುರುವಾಯಿತು. ವಾರಕ್ಕೊಂದು ದಿನ, ಅರ್ಧ ಗಂಟೆ. ಸುದ್ದಿ ಇಷ್ಟೇ. ಆದರೆ ಅದಕ್ಕೆ ಸಿಕ್ಕ ಪ್ರಚಾರ ದೊಡ್ಡದು. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಇದನ್ನು ಕುವೈತ್‌ನ ಮೊದಲ ಹಿಂದಿ ಪ್ರಸಾರ ಎಂದು ಸಾರಿತು. ಜೂನ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದನ್ನು ನೆನೆದರು. ಡಿಸೆಂಬರ್‌ನಲ್ಲಿ ಅವರೇ ಕುವೈತ್‌ಗೆ ಹೋದರು. ಭಾರತದ ಪ್ರಧಾನಿಯೊಬ್ಬರು ಅಲ್ಲಿಗೆ ಕಾಲಿಟ್ಟದ್ದು 43 ವರ್ಷಗಳ ಮೇಲೆ.

ಈ ಸುದ್ದಿ ಓದಿದವರಿಗೆ ಕೆಲವು ಅನುಮಾನ ಬಂದೇ ಬರುತ್ತವೆ. ಅರಬ್ಬಿ ಮಾತಾಡುವ ದೇಶದ ಸರ್ಕಾರಕ್ಕೆ ಹಿಂದಿ ಯಾಕೆ ಬೇಕಾಯಿತು? ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ರೇಡಿಯೋ ಯಾರಿಗೆ? ಅಲ್ಲಿರುವ ಭಾರತೀಯರಲ್ಲಿ ಮಲಯಾಳಿಗಳು, ತೆಲುಗರು, ತಮಿಳರು, ಕರಾವಳಿಯ ಕನ್ನಡಿಗರು, ತುಳುವರು ಇಷ್ಟೊಂದು ಜನ ಇರುವಾಗ ಹಿಂದಿಯೇ ಯಾಕೆ?

ಇದಕ್ಕೆ ಉತ್ತರ 2024ರಲ್ಲಿ ಸಿಗುವುದಿಲ್ಲ. ಎಂಬತ್ತು ವರ್ಷಕ್ಕೂ ಹಿಂದೆ ಹೋಗಬೇಕು. ಕುವೈತ್‌ನಲ್ಲಿ ರೇಡಿಯೋ ಅಂದರೆ ಮೊದಲಿನಿಂದಲೂ ಬರೀ ಹಾಡು, ಸುದ್ದಿ ಅಲ್ಲ. ಅದು ‘ನಾವೂ ಒಂದು ದೇಶ, ಇಲ್ಲೇ ಇದ್ದೇವೆ’ ಎಂದು ಹೊರಗಿನವರಿಗೆ ಕೂಗಿ ಹೇಳುವ ಸಾಧನ. ಯಾವ ಕಾಲದಲ್ಲಿ ಯಾರ ಕಡೆ ತಿರುಗಿ ಕೂಗುತ್ತಿದೆ ಅನ್ನುವುದನ್ನು ನೋಡಿದರೆ, ಆ ದೇಶಕ್ಕೆ ಆ ಹೊತ್ತಿಗೆ ಯಾರ ಭಯ, ಯಾರ ಅಗತ್ಯ ಎನ್ನುವುದು ತಿಳಿದುಬಿಡುತ್ತದೆ.

ಮೊದಲು ಸುದ್ದಿಯಲ್ಲೇ ಇದ್ದ ಗೋಜಲು

ಪ್ರಕಟಣೆಯಲ್ಲಿ ಎರಡು ಸಂಖ್ಯೆಗಳಿದ್ದವು: ಎಫ್‌ಎಂ 93.3 ಮತ್ತು ಎಎಂ 96.3. ಎರಡನೆಯದು ಓದಿದ ಕೂಡಲೇ ಹಳೆಯ ರೇಡಿಯೋ ಕೇಳುಗರು ಹುಬ್ಬೇರಿಸುತ್ತಾರೆ. ಎಎಂ ಅಂದರೆ ನಮ್ಮ ಮೀಡಿಯಂ ವೇವ್. ಅದರ ಪಟ್ಟಿ ನಮ್ಮ ಕಡೆ 531ರಿಂದ 1602 ಕಿಲೋಹರ್ಟ್ಸ್‌ವರೆಗೆ. ಬೆಂಗಳೂರು ಆಕಾಶವಾಣಿ 612ರಲ್ಲಿ ಬರುತ್ತದಲ್ವಾ, ಹಾಗೆ. ಆ ಪಟ್ಟಿಯಲ್ಲಿ 96.3 ಎಂಬ ಜಾಗವೇ ಇಲ್ಲ. ಕುವೈತ್ ರೇಡಿಯೋಗೆ ಮೀಡಿಯಂ ವೇವ್‌ನಲ್ಲಿ 963 ಕಿಲೋಹರ್ಟ್ಸ್ ಇದೆ. ನಡುವೆ ಒಂದು ಚುಕ್ಕೆ ಬಂದು ಕೂತಿದೆ, ಅಷ್ಟೆ. ಪತ್ರಿಕೆಗಳೂ ಅದನ್ನು ಹಾಗೆಯೇ ಅಚ್ಚು ಹಾಕಿದವು. ಚಿಕ್ಕ ತಪ್ಪೇ. ಆದರೂ ಆ ಸಂಖ್ಯೆ ನಂಬಿ ಹಳೆ ರೇಡಿಯೋದ ಮುಳ್ಳು ತಿರುಗಿಸಿದವರಿಗೆ ಏನೂ ಸಿಗುವುದಿಲ್ಲ.

ಎರಡನೇ ಗೋಜಲು ‘ಮೊದಲ’ ಅನ್ನುವ ಮಾತಿನದು. ಕುವೈತ್ ರೇಡಿಯೋದಲ್ಲಿ ಉರ್ದು ಪ್ರಸಾರ ಬಹಳ ವರ್ಷಗಳಿಂದ ಇದೆ. ಬರೆಯುವ ಲಿಪಿ ಬೇರೆಯಾದರೂ ದಿನಬಳಕೆಯ ಉರ್ದು ಮತ್ತು ಹಿಂದಿ ಕಿವಿಗೆ ಹೆಚ್ಚುಕಡಿಮೆ ಒಂದೇ. ಲಕ್ನೋದವರಿಗೂ ಲಾಹೋರಿನವರಿಗೂ ಆ ಪ್ರಸಾರ ಅರ್ಥವಾಗುತ್ತಿತ್ತು. ಹಾಗಾದರೆ ಹೊಸದೇನು? ಭಾಷೆಗಿಂತ ಅದರ ಹೆಸರು ಹೊಸದು. ಉರ್ದು ಅಂದಾಗ ಕೇಳುಗರಲ್ಲಿ ಪಾಕಿಸ್ತಾನದವರು ಮೊದಲು ನೆನಪಿಗೆ ಬರುತ್ತಾರೆ. ಹಿಂದಿ ಅಂದಾಗ ಭಾರತ ಒಂದೇ. ಇದು ಕೇಳುಗನಿಗಿಂತ ಜಾಸ್ತಿ ದೆಹಲಿಗೆ ಕೇಳಿಸಬೇಕಾದ ವ್ಯತ್ಯಾಸ.

ಮೂರನೆಯದು ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ. ಕಾರ್ಯಕ್ರಮ ಭಾನುವಾರ ಬರುತ್ತದೆ. ಕುವೈತ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ವಾರದ ಮೊದಲ ಕೆಲಸದ ದಿನ. ಭಾನುವಾರ ಎಂದರೆ ಬಿಡುವು ಅನ್ನುವುದು ನಮ್ಮ ಲೆಕ್ಕ, ಅವರದಲ್ಲ. ಈ ಮೂರನೇ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವಂತ ರೇಡಿಯೋಗೆ ಮೊದಲೇ ಬಂದ ಪಕ್ಕದವರ ರೇಡಿಯೋ

1930ರ ದಶಕದ ಕುವೈತ್ ಬಡ ಊರು. ಮುತ್ತು ಹೆಕ್ಕುವುದು, ಹಡಗು ಕಟ್ಟುವುದು, ವ್ಯಾಪಾರ. ಅಲ್ಲಿನ ಮರದ ಹಡಗುಗಳು ಬಸ್ರಾದ ಖರ್ಜೂರ ಹೇರಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಹಿಂತಿರುಗುವಾಗ ಮಲಬಾರಿನ ಮರ ಒಯ್ಯುತ್ತಿದ್ದವು. ಅಲ್ಲಿ ಓಡುತ್ತಿದ್ದದ್ದು ಭಾರತದ ರೂಪಾಯಿ. ಜಪಾನಿನ ಕೃತಕ ಮುತ್ತು ಬಂದು ಮುತ್ತಿನ ವ್ಯಾಪಾರ ಮಲಗಿತ್ತು. 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ಸಿಕ್ಕಿತು. ಆದರೆ ಎರಡನೇ ಮಹಾಯುದ್ಧ ಅಡ್ಡ ಬಂದು, ಮೊದಲ ತೈಲ ಹಡಗು ಹೊರಟಿದ್ದು 1946ರಲ್ಲಿ.

ಅದೇ ಹೊತ್ತಿಗೆ ಬಗ್ದಾದ್‌ನಲ್ಲಿ ಇರಾಕ್‌ನ ಯುವ ದೊರೆ ಗಾಜಿಗೆ ರೇಡಿಯೋ ಹುಚ್ಚು. ತನ್ನ ಕಸ್ರ್ ಅಲ್-ಝುಹೂರ್ ಅರಮನೆಯಲ್ಲೇ ಸ್ವಂತ ಪ್ರಸಾರ ಕೇಂದ್ರ ಇಟ್ಟುಕೊಂಡಿದ್ದ. ಅಲ್ಲಿಂದ ಒಂದೇ ರಾಗ: ಕುವೈತ್ ಇರಾಕ್‌ಗೆ ಸೇರಬೇಕು. 1938ರಲ್ಲಿ ಕುವೈತ್‌ನ ವ್ಯಾಪಾರಿಗಳು ಒತ್ತಾಯ ಮಾಡಿ ಒಂದು ಶಾಸನ ಸಭೆ ಮಾಡಿಸಿಕೊಂಡರು. ವರ್ಷ ಮುಗಿಯುವ ಮೊದಲೇ ಅಲ್ಲಿನ ಆಳರಸ ಅದನ್ನು ವಿಸರ್ಜಿಸಿದ. ಗಾಜಿಯ ರೇಡಿಯೋ ಆ ವ್ಯಾಪಾರಿಗಳ ಪರ ನಿಂತು ಆಳರಸನನ್ನು ಹಳಿಯಿತು. 1939ರ ಏಪ್ರಿಲ್‌ನಲ್ಲಿ ಗಾಜಿ ಕಾರು ಅಪಘಾತದಲ್ಲಿ ಸತ್ತ. ರೇಡಿಯೋ ನಿಂತಿತು. ಆದರೆ ಕುವೈತ್ ಪಾಠ ಕಲಿತಿತ್ತು. ಸೈನ್ಯ ಗಡಿ ದಾಟುವ ಎಷ್ಟೋ ಮೊದಲು ದನಿ ಗಡಿ ದಾಟುತ್ತದೆ. ಅದಕ್ಕೆ ತಿರುಗಿ ಉತ್ತರ ಕೊಡಲು ಕುವೈತ್ ಬಳಿ ಆಗ ಏನೂ ಇರಲಿಲ್ಲ.

ಆ ದಶಕದಲ್ಲಿ ಅರಬ್ಬಿ ಕಿವಿಗಾಗಿ ದೊಡ್ಡ ದೇಶಗಳೂ ಪೈಪೋಟಿಗೆ ಇಳಿದಿದ್ದವು. ಮುಸೊಲಿನಿಯ ಇಟಲಿ 1934ರಿಂದ ಬಾರಿ ನಗರದ ಕೇಂದ್ರದಿಂದ ಅರಬ್ಬಿಯಲ್ಲಿ ಪ್ರಸಾರ ಮಾಡುತ್ತಿತ್ತು. ಅದಕ್ಕೆ ಉತ್ತರವಾಗಿ ಬಿಬಿಸಿ 1938ರ ಜನವರಿ 3ರಂದು ಅರಬ್ಬಿ ಸೇವೆ ತೆರೆಯಿತು. ಇಂಗ್ಲಿಷ್ ಬಿಟ್ಟರೆ ಬಿಬಿಸಿ ಹೊರದೇಶಕ್ಕೆ ಮಾತಾಡಿದ ಮೊದಲ ಭಾಷೆ ಅದು. ನಂತರ ಬರ್ಲಿನ್ ಸೇರಿಕೊಂಡಿತು. ಯುದ್ಧ ಶುರುವಾದ ಮೇಲೆ ನಮ್ಮ ದೆಹಲಿಯ ಆಕಾಶವಾಣಿಯೂ ಬ್ರಿಟಿಷರ ಪರವಾಗಿ ಅರಬ್ಬಿ ಮಾತಾಡಿತು. ಅಂದರೆ ಭಾರತ ಅರಬರಿಗೆ ಅವರ ಭಾಷೆಯಲ್ಲಿ ಮಾತಾಡಿ ಎಂಟು ದಶಕಗಳೇ ಆದವು. ಈಗ ಹಿಂದಿಯಲ್ಲಿ ಬಂದದ್ದು ಬಹಳ ತಡವಾದ ಮರುದನಿ ಎನ್ನಬಹುದು.

ಪೊಲೀಸರ ಕೋಣೆಯಲ್ಲಿ ಹುಟ್ಟಿದ ಕೇಂದ್ರ

1951ರ ಮೇ 12ರಂದು ಕುವೈತ್ ರೇಡಿಯೋ ಮೊದಲ ಬಾರಿ ಮಾತಾಡಿತು. ‘ಹುನಾ ಅಲ್-ಕುವೈತ್’, ಅಂದರೆ ‘ಇದು ಕುವೈತ್’. ಆ ಮೊದಲ ದನಿ ಮುಬಾರಕ್ ಅಲ್-ಮಯ್ಯಾಲ್ ಅವರದು. ಎಲ್ಲಿಂದ? ನಾಯಿಫ್ ಅರಮನೆಯ ಒಂದು ಕೋಣೆಯಿಂದ. ಅದು ಸಾರ್ವಜನಿಕ ಭದ್ರತಾ ಇಲಾಖೆಯ ಕಚೇರಿ. ರೇಡಿಯೋ ಶುರು ಮಾಡಿಸಿದವರು ಆ ಇಲಾಖೆಯ ಮುಖ್ಯಸ್ಥ ಶೇಖ್ ಅಬ್ದುಲ್ಲಾ ಮುಬಾರಕ್.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೊಸ ರೇಡಿಯೋ ಹುಟ್ಟಿದ್ದು ಶಿಕ್ಷಣ ಇಲಾಖೆಯಲ್ಲಿ ಅಲ್ಲ, ಪೊಲೀಸರ ಮನೆಯಲ್ಲಿ. ಕುವೈತ್‌ನ ದೊರೆಗಳಿಗೆ ಅದು ಕೋಟೆ ಬಾಗಿಲ ಕಾವಲಿನಂಥ ವಸ್ತು. ಅದೇ ಅರಮನೆಯ ಅಂಗಳದಲ್ಲಿ ರಂಜಾನ್ ತಿಂಗಳ ಸಂಜೆ ಉಪವಾಸ ಬಿಡುವ ತೋಪು ಈಗಲೂ ಹಾರುತ್ತದೆ. ಆ ಸದ್ದನ್ನು ಮನೆಮನೆಗೆ ತಲುಪಿಸುವುದೂ ಪ್ರಸಾರವೇ.

ಕಾಲವೂ ಹಾಗಿತ್ತು. ಅದೇ 1951ರಲ್ಲಿ ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಣ ಮಾಡಿತು. ಅಬದಾನ್‌ನ ದೊಡ್ಡ ಸಂಸ್ಕರಣಾಗಾರ ನಿಂತುಹೋಯಿತು. ಕೊಳ್ಳುವವರು ಪಕ್ಕದ ಕುವೈತ್ ಕಡೆ ತಿರುಗಿದರು. ವರ್ಷದ ಕೊನೆಗೆ ತೈಲ ಕಂಪನಿಯ ಲಾಭದಲ್ಲಿ ಅರ್ಧ ಪಾಲು ಕುವೈತ್‌ಗೆ ಎಂಬ ಒಪ್ಪಂದವಾಯಿತು. ದುಡ್ಡು ಬಂತು. ದುಡ್ಡಿನ ಹಿಂದೆ ಶಾಲೆ, ಆಸ್ಪತ್ರೆ, ರಸ್ತೆ ಬಂದವು. ಅವನ್ನು ನಡೆಸಲು ಈಜಿಪ್ಟ್, ಪ್ಯಾಲೆಸ್ಟೈನ್, ಲೆಬನಾನ್‌ನಿಂದ ಓದಿದ ಜನ ಬಂದರು. ಪತ್ರಿಕೆ, ರೇಡಿಯೋಗಳಲ್ಲೂ ಅವರೇ ಆಧಾರ. ಹೀಗಾಗಿ ‘ಕುವೈತ್‌ನ ದನಿ’ ಅನ್ನುವುದು ಮೊದಲಿನಿಂದಲೂ ಅರ್ಧ ಹೊರಗಿನವರ ಗಂಟಲಿನಿಂದಲೇ ಬಂದದ್ದು.

ಸುದ್ದಿ, ಭಾಷಣ ಎಲ್ಲ ಗ್ರಂಥದ ಅರಬ್ಬಿಯಲ್ಲಿ. ನಾಟಕ, ಹಾಡು ಮಾತ್ರ ಊರ ಮಾತಿನಲ್ಲಿ. ಮುತ್ತು ಹೆಕ್ಕುವ ದೋಣಿಯಲ್ಲಿ ಹಾಡುಗಾರನೊಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಅವನಿಗೆ ನಹ್ಹಾಮ್ ಎಂದು ಹೆಸರು. ಆ ಕಸುಬು ಸತ್ತ ಮೇಲೆ ಆ ಹಾಡುಗಳಿಗೆ ಉಳಿದ ಮನೆ ರೇಡಿಯೋ. ಅವದ್ ಅಲ್-ದೂಖಿ, ‘ಶಾದಿ ಅಲ್-ಖಲೀಜ್’ ಎಂಬ ಹೆಸರಿನಲ್ಲಿ ಹಾಡಿದ ಅಬ್ದುಲ್‌ಅಜೀಜ್ ಅಲ್-ಮುಫರ್ರಿಜ್ ಇಂಥವರು ಕಡಲ ಹಾಡನ್ನು, ‘ಸೌತ್’ ಎಂಬ ನಾಡಹಾಡಿನ ಪ್ರಕಾರವನ್ನು ಹೊಸ ತಲೆಮಾರಿಗೆ ತಲುಪಿಸಿದರು.

ಸಂಗೀತದ ಕಥೆಯಲ್ಲಿ ಒಂದು ವಿಚಿತ್ರ ತಿರುವೂ ಇದೆ. ಸಾಲೇಹ್ ಮತ್ತು ದಾವೂದ್ ಎಂಬ ಯಹೂದಿ ಅಣ್ಣತಮ್ಮಂದಿರು ಹುಟ್ಟಿದ್ದು ಕುವೈತ್‌ನಲ್ಲಿ. ಹೆಸರಿನ ಮುಂದೆ ‘ಅಲ್-ಕುವೈತಿ’ ಎಂದೇ ಇಟ್ಟುಕೊಂಡವರು. ಇರಾಕ್‌ಗೆ ಹೋಗಿ ನೆಲೆಸಿದರು. 1936ರಲ್ಲಿ ಬಗ್ದಾದ್ ರೇಡಿಯೋದ ವಾದ್ಯಮೇಳ ಕಟ್ಟಿದ್ದು ಸಾಲೇಹ್. ಕುವೈತ್ ನಮ್ಮದು ಎಂದು ಇರಾಕ್‌ನ ದೊರೆ ಕೂಗುತ್ತಿದ್ದ ದಿನಗಳಲ್ಲೇ, ಬಗ್ದಾದ್ ರೇಡಿಯೋಗೆ ಸ್ವರ ಕೊಡುತ್ತಿದ್ದವರು ಕುವೈತ್‌ನಲ್ಲಿ ಹುಟ್ಟಿದವರು. 1951ರ ಹೊತ್ತಿಗೆ ಅವರು ಇಸ್ರೇಲ್‌ಗೆ ಹೋಗಬೇಕಾಯಿತು. ಅಲ್ಲಿನ ರೇಡಿಯೋದ ಅರಬ್ಬಿ ವಿಭಾಗಕ್ಕೆ ಸಂಗೀತ ನುಡಿಸಿದರು.

ಚಿಕ್ಕ ದೇಶಕ್ಕೆ ‘ದೇಶದೊಳಗೆ’ ಅನ್ನುವುದೇ ಇಲ್ಲ

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಎಫ್‌ಎಂ ಅಲೆ ನೇರ ಗೆರೆಯಲ್ಲಿ ಹೋಗುತ್ತದೆ. ಭೂಮಿ ಬಾಗಿದ ಕಡೆ ನಿಲ್ಲುತ್ತದೆ. ಮೀಡಿಯಂ ವೇವ್ ಹಗಲಲ್ಲಿ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ, ಉಪ್ಪುನೀರಿನ ಮೇಲೆ ಇನ್ನೂ ದೂರ ಹೋಗುತ್ತದೆ. ರಾತ್ರಿ ಆಕಾಶದ ಮೇಲ್ಪದರಕ್ಕೆ ತಾಗಿ ವಾಪಸು ಬಂದು ನೂರಾರು ಕಿಲೋಮೀಟರ್ ಆಚೆ ಬೀಳುತ್ತದೆ. ಶಾರ್ಟ್‌ವೇವ್ ಅದೇ ತರ ಪುಟಿಪುಟಿದು ಖಂಡ ದಾಟುತ್ತದೆ.

ಈಗ ಕುವೈತ್‌ನ ನಕ್ಷೆ ನೋಡಿ. ಒಟ್ಟು ನೆಲ 17,818 ಚದರ ಕಿಲೋಮೀಟರ್. ಕೊಲ್ಲಿಯ ತಲೆಯ ಮೇಲೆ ಕೂತಿದೆ. ರಾಜಧಾನಿಯಿಂದ ಇರಾಕ್‌ನ ಬಸ್ರಾ, ಸುಮ್ನೆ ಲೆಕ್ಕಕ್ಕೆ, ಬೆಂಗಳೂರಿನಿಂದ ಮೈಸೂರಿನಷ್ಟು ದೂರ. ಇರಾನ್‌ನ ಅಬದಾನ್ ಅದಕ್ಕಿಂತ ಹತ್ತಿರ. ತನ್ನ ಜನಕ್ಕೆಂದು ಕುವೈತ್ ಒಂದು ಮೀಡಿಯಂ ವೇವ್ ಕೇಂದ್ರ ಹಾಕಿದರೂ ಅದು ಮೂರು ದೇಶದಲ್ಲಿ ಕೇಳುತ್ತದೆ. ಪಕ್ಕದವರದೂ ಇಲ್ಲಿ ಕೇಳುತ್ತದೆ. ದೊಡ್ಡ ದೇಶಕ್ಕೆ ‘ದೇಶೀಯ ಸೇವೆ’, ‘ವಿದೇಶ ಸೇವೆ’ ಎಂದು ಬೇರೆ ಬೇರೆ ಇಡಲು ಆಗುತ್ತದೆ. ಕುವೈತ್‌ಗೆ ಆ ಸೌಕರ್ಯವಿಲ್ಲ. ಮನೆಯೊಳಗೆ ಮಾತಾಡಿದರೂ ಬೀದಿಗೆ ಕೇಳುವ ಮನೆ ಅದು.

1953ರ ಜುಲೈ 4ರಂದು ಕೈರೋದಿಂದ ‘ಸೌತ್ ಅಲ್-ಅರಬ್’, ಅಂದರೆ ‘ಅರಬರ ದನಿ’, ಶುರುವಾಯಿತು. ಈಜಿಪ್ಟ್‌ನ ನಾಯಕ ನಾಸರ್‌ನ ಅರಬ್ ಏಕತೆಯ ಮಾತು ಉದ್ಘೋಷಕ ಅಹ್ಮದ್ ಸಯೀದ್‌ನ ಗುಡುಗು ದನಿಯಲ್ಲಿ ಕೊಲ್ಲಿಯ ಊರೂರಿಗೆ ಬಂತು. ಆ ದಶಕದ ಕೊನೆಯ ಹೊತ್ತಿಗೆ ಟ್ರಾನ್ಸಿಸ್ಟರ್ ರೇಡಿಯೋ ಅಗ್ಗವಾಗುತ್ತಿತ್ತು. ಓದು ಬಾರದವರಿಗೂ ರಾಜಕೀಯ ತಿಳಿಯತೊಡಗಿತು. ಕುವೈತ್ ಮನೆಗಳಲ್ಲಿ ಗಂಡಸರು ಕೂತು ಹರಟುವ ದಿವಾನಿಯಾ ಎಂಬ ಜಾಗವಿರುತ್ತದೆ, ನಮ್ಮ ಜಗಲಿಕಟ್ಟೆ ಇದ್ದ ಹಾಗೆ. ಕೈರೋ ಬಿತ್ತಿದ ಮಾತು ಅಲ್ಲಿ ಚರ್ಚೆಯಾಗಿ ಬೆಳೆಯುತ್ತಿತ್ತು. ಬ್ರಿಟಿಷರ ನೆರಳಲ್ಲಿದ್ದ ಶೇಖ್‌ಗಳಿಗೆ ಇದು ನಿದ್ದೆಗೆಡಿಸುವ ವಿಷಯ.

ಕುವೈತ್ ಅದಕ್ಕೆ ಕೂಗಾಡಿ ಉತ್ತರ ಕೊಡಲಿಲ್ಲ. ಬೇರೆ ದಾರಿ ಹಿಡಿಯಿತು. 1958ರಲ್ಲಿ ‘ಅಲ್-ಅರಬಿ’ ಎಂಬ ಮಾಸಪತ್ರಿಕೆ ತಂದಿತು. ಅಗ್ಗದ ಬೆಲೆ, ಒಳ್ಳೆಯ ಚಿತ್ರ, ಇಡೀ ಅರಬ್ ಜಗತ್ತಿಗೆ ಮಾರಾಟ. ಸಂಪಾದಕ ಈಜಿಪ್ಟಿನ ಅಹ್ಮದ್ ಝಕಿ. ರೇಡಿಯೋ ನಾಟಕ, ಸಂಗೀತ ಬೆಳೆಸಿತು. ಮುಂದೆ, 1961ರ ಕೊನೆಗೆ, ಅರಬ್ ದೇಶಗಳಿಗೆ ಸಾಲ ಕೊಡಲು ನಿಧಿಯನ್ನೂ ಮಾಡಿತು. ಲೆಕ್ಕಾಚಾರ ಸರಳ. ಸೈನ್ಯದಿಂದ ದೇಶ ಉಳಿಸಿಕೊಳ್ಳಲು ಆಗದವನಿಗೆ ಪರಿಚಯವೇ ಆಸ್ತಿ. ನಾಳೆ ಯಾರಾದರೂ ನಮ್ಮನ್ನು ನುಂಗಲು ಬಂದರೆ, ‘ಅಯ್ಯೋ, ಅವರು ನಮಗೆ ಗೊತ್ತಿರುವವರು’ ಎಂದು ಹೇಳುವವರು ನಾಲ್ಕು ಕಡೆ ಇರಬೇಕು.

ಆ ನಾಳೆ ಬೇಗನೇ ಬಂತು. 1961ರ ಜೂನ್ 19ರಂದು ಕುವೈತ್ ಸ್ವತಂತ್ರವಾಯಿತು. ಆರೇ ದಿನಕ್ಕೆ, ಜೂನ್ 25ರಂದು, ಇರಾಕ್‌ನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ ಕುವೈತ್ ಇರಾಕ್‌ನ ಭಾಗ ಎಂದ. ಬಗ್ದಾದ್ ರೇಡಿಯೋ ಮತ್ತೆ ಹಳೆಯ ರಾಗ ಎತ್ತಿತು. ಜುಲೈ 1ಕ್ಕೆ ಬ್ರಿಟಿಷ್ ಸೈನ್ಯ ಬಂದಿಳಿಯಿತು. ಜುಲೈ 20ಕ್ಕೆ ಅರಬ್ ದೇಶಗಳ ಒಕ್ಕೂಟವಾದ ಅರಬ್ ಲೀಗ್ ಕುವೈತನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು. ಆ ಬಾರಿ ಬಂದೂಕಿನ ಅಗತ್ಯ ಬೀಳಲಿಲ್ಲ. ಆದರೆ 1938ಕ್ಕೂ 1961ಕ್ಕೂ ಒಂದು ವ್ಯತ್ಯಾಸವಿತ್ತು. ಈ ಸಲ ತಿರುಗಿ ಮಾತಾಡಲು ಕುವೈತ್ ಬಳಿ ಸ್ವಂತ ರೇಡಿಯೋ ಇತ್ತು. ಅದೇ ನವೆಂಬರ್‌ನಲ್ಲಿ ಟಿವಿಯೂ ಬಂತು.

1990: ದೇಶ ಹೋಯಿತು, ದನಿ ಉಳಿಯಿತು

ಆಗಸ್ಟ್ 2ರ ಬೆಳಗಿನ ಜಾವ ಸದ್ದಾಂನ ಸೈನ್ಯ ಒಳನುಗ್ಗಿತು. ಕೆಲವೇ ಗಂಟೆಗಳಲ್ಲಿ ರಾಜಧಾನಿ ಕೈತಪ್ಪಿತು. ಕುವೈತ್‌ನ ದೊರೆ, ಅಂದರೆ ಅಮೀರ್, ಸೌದಿ ಅರೇಬಿಯಾ ಸೇರಿದರು. ಇತ್ತ ಬಗ್ದಾದ್ ರೇಡಿಯೋ ಒಂದು ಕಥೆ ಹೇಳುತ್ತಿತ್ತು. ಕುವೈತ್‌ನ ಯುವ ಕ್ರಾಂತಿಕಾರಿಗಳು ದೊರೆಯನ್ನು ಕಿತ್ತೊಗೆದಿದ್ದಾರೆ, ಅವರು ಕರೆದದ್ದಕ್ಕೇ ನಾವು ಬಂದಿದ್ದೇವೆ ಎಂಬ ಕಥೆ. ಅಲಾ ಹುಸೇನ್ ಅಲಿ ಎಂಬ ಅಧಿಕಾರಿಯನ್ನು ಮುಂದಿಟ್ಟು ಒಂದು ‘ತಾತ್ಕಾಲಿಕ ಸರ್ಕಾರ’ವನ್ನೂ ತೋರಿಸಿದರು.

ಈ ಕಥೆ ನಿಲ್ಲಬೇಕಾದರೆ ಒಂದು ಷರತ್ತು ಇತ್ತು. ಕುವೈತ್ ಕಡೆಯಿಂದ ಬೇರೆ ದನಿ ಬರಬಾರದು. ಆದರೆ ಬಂತು. ಸೈನ್ಯ ನುಗ್ಗಿದ ಮೇಲೂ ರಹಸ್ಯ ಜಾಗದಿಂದ ಕುವೈತ್ ರೇಡಿಯೋ ಪ್ರಸಾರ ಮಾಡಿತು. ನಮ್ಮ ಮೇಲೆ ದಾಳಿಯಾಗಿದೆ, ಅರಬರೇ ನೆರವಿಗೆ ಬನ್ನಿ ಎಂದು ಮೊರೆಯಿಟ್ಟಿತು. ನಂತರ ಸೌದಿ ನೆಲದಿಂದ ಅದೇ ‘ಹುನಾ ಅಲ್-ಕುವೈತ್’ ಮುಂದುವರಿಯಿತು. ದೇಶದ ಹೊರಗೆ ಕೂತು ‘ಇದು ಕುವೈತ್’ ಎನ್ನುವುದು ಕೇಳಲು ವಿಚಿತ್ರ. ಆದರೆ ಕಾನೂನಿನ ದೃಷ್ಟಿಯಿಂದ ಆ ಎರಡು ಪದಕ್ಕೆ ತೂಕವಿತ್ತು. ಸರ್ಕಾರ ಸತ್ತಿಲ್ಲ, ಸ್ಥಳ ಬದಲಾಗಿದೆ ಎಂದು ಅದು ಹೇಳುತ್ತಿತ್ತು. ‘ತಾತ್ಕಾಲಿಕ ಸರ್ಕಾರ’ದ ನಾಟಕ ಒಂದು ವಾರವೂ ನಡೆಯಲಿಲ್ಲ. ಆಗಸ್ಟ್ 8ಕ್ಕೆ ಸದ್ದಾಂ ಮುಖವಾಡ ತೆಗೆದು ಕುವೈತ್ ಇರಾಕ್‌ನಲ್ಲಿ ವಿಲೀನ ಎಂದ. ಮರುದಿನವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆ ವಿಲೀನ ಅಸಿಂಧು ಎಂದಿತು.

ರೇಡಿಯೋದಿಂದಲೇ ಇದೆಲ್ಲ ಆಯಿತು ಎಂದರೆ ಅತಿಯಾಯಿತು. ತೈಲ, ಅಮೆರಿಕ, ಸೌದಿ ಗಡಿಯ ಭಯ ಇವೆಲ್ಲ ದೊಡ್ಡ ಕಾರಣಗಳು. ಆದರೆ ಆ ಮೊದಲ ದಿನಗಳಲ್ಲಿ ಇರಾಕ್‌ನ ಕಥೆಯನ್ನು ಸುಳ್ಳಾಗಿಸಿದ ದನಿಗಳಲ್ಲಿ ಇದೂ ಒಂದು.

ಆಗ ಕುವೈತ್‌ನಲ್ಲಿ ಸುಮಾರು 1,70,000 ಭಾರತೀಯರಿದ್ದರು. ಹೊರಗಿನ ಫೋನ್ ಸಂಪರ್ಕ ಕಡಿದಿತ್ತು. ಇರಾಕ್ ದಾಟಿ ಜೋರ್ಡಾನ್‌ನ ಅಮ್ಮಾನ್ ಸೇರಿದವರನ್ನು ಏರ್ ಇಂಡಿಯಾ ಸುಮಾರು ಎರಡು ತಿಂಗಳ ಕಾಲ ಹೊತ್ತು ತಂದಿತು. ಮಂಗಳೂರು, ಉಡುಪಿಯ ಎಷ್ಟೋ ಮನೆಗಳಿಗೆ ಆ ಆಗಸ್ಟ್ ಇನ್ನೂ ನೆನಪಿದೆ.

1991ರ ಫೆಬ್ರವರಿ ಕೊನೆಗೆ ಕುವೈತ್ ಬಿಡುಗಡೆಯಾಯಿತು. ಆಮೇಲೆ ಅಮೆರಿಕ ಅಲ್ಲೇ ತನ್ನದೊಂದು ಪ್ರಸಾರ ಕೇಂದ್ರ ಕಟ್ಟಿತು. ‘ವಾಯ್ಸ್ ಆಫ್ ಅಮೆರಿಕ’ ಮತ್ತು 2002ರಲ್ಲಿ ಬಂದ ಅಮೆರಿಕದ್ದೇ ಅರಬ್ಬಿ ರೇಡಿಯೋ ‘ಸವಾ’ ಆ ಗೋಪುರಗಳಿಂದ ಸುತ್ತಲಿನ ದೇಶಗಳಿಗೆ ಹರಿದವು. ಒಂದು ಕಾಲದಲ್ಲಿ ಬೇರೆಯವರ ದನಿಗೆ ಸುಮ್ನೆ ಕಿವಿಯಾಗಿದ್ದ ನೆಲ, ಆಗ ದೊಡ್ಡವರ ದನಿಗೆ ಬಾಡಿಗೆ ಬಾಯಿಯಾಯಿತು.

ಭಾಷೆಯ ಪಟ್ಟಿ ಓದುವುದು ಹೇಗೆ

ಈ ಹಿನ್ನೆಲೆ ಇಟ್ಟುಕೊಂಡು ಕುವೈತ್ ರೇಡಿಯೋದ ಭಾಷೆಗಳನ್ನು ನೋಡಿ. ಅರಬ್ಬಿ ತನ್ನವರಿಗೆ ಮತ್ತು ಇರಾಕ್ ಸೇರಿದಂತೆ ಎಲ್ಲ ಅರಬರಿಗೆ. ಪರ್ಷಿಯನ್ ಎದುರು ದಡದ ಇರಾನ್‌ಗೆ. ಇಂಗ್ಲಿಷ್ ಪಶ್ಚಿಮಕ್ಕೆ ಮತ್ತು ಊರಲ್ಲಿರುವ ಓದಿದ ವಿದೇಶಿಯರಿಗೆ. ಉರ್ದು, ಫಿಲಿಪಿನೋ ದುಡಿಯಲು ಬಂದವರಿಗೆ. ಈಗ ಹಿಂದಿ.

ಕುವೈತ್‌ನಲ್ಲಿ ಈಗ ಸುಮಾರು ಹತ್ತು ಲಕ್ಷ ಭಾರತೀಯರಿದ್ದಾರೆ. ಐವರಲ್ಲಿ ಒಬ್ಬರು. ದುಡಿಯುವವರ ಲೆಕ್ಕ ಹಿಡಿದರೆ ಹತ್ತರಲ್ಲಿ ಮೂವರು. ಇಷ್ಟು ಜನಕ್ಕೆ ವಾರಕ್ಕೆ ಅರ್ಧ ಗಂಟೆ ಅಂದರೆ ವರ್ಷಕ್ಕೆ 26 ಗಂಟೆ. ಸೇವೆ ಎನ್ನಲು ಇದು ತೀರಾ ಕಡಿಮೆ. ಕೈ ಮುಗಿದು ನಮಸ್ಕಾರ ಹೇಳಲು ಸಾಕು. ಇದೇ ಇದರ ಸ್ವಭಾವ ಎಂದು ಕಾಣುತ್ತದೆ. ಇದು ಕಾರ್ಮಿಕನ ರೇಡಿಯೋ ಆಗಿ ಹುಟ್ಟಿಲ್ಲ, ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಕೊಟ್ಟ ಉಡುಗೊರೆಯಾಗಿ ಹುಟ್ಟಿದೆ.

ಪರ, ವಿರೋಧ

ಇದನ್ನು ಒಪ್ಪದವರೂ ಇದ್ದಾರೆ. ಅವರ ವಾದ ತಳ್ಳಿಹಾಕುವಂಥದಲ್ಲ. ಕೊಲ್ಲಿಯಲ್ಲಿ ಭಾರತೀಯ ಎಂದರೆ ಇಷ್ಟು ದಿನ ದುಡಿಯುವ ಕೈ ಮಾತ್ರ. ಸರ್ಕಾರಿ ರೇಡಿಯೋದಲ್ಲಿ ಅವನ ಭಾಷೆ ಕೇಳಿದರೆ ಅವನಿಗೊಂದು ಗೌರವ. ಸಣ್ಣದರಿಂದ ಶುರುವಾದರೂ ಪರವಾಗಿಲ್ಲ, ಬಾಗಿಲು ತೆರೆದಿದೆ ಎನ್ನುತ್ತಾರೆ. ರಾಮಾಯಣ, ಮಹಾಭಾರತಗಳನ್ನು ಅರಬ್ಬಿಗೆ ತಂದ ಅನುವಾದಕ ಮತ್ತು ಪ್ರಕಾಶಕ ಕುವೈತ್‌ನವರೇ. ಡಿಸೆಂಬರ್ ಭೇಟಿಯಲ್ಲಿ ಪ್ರಧಾನಿ ಅವರನ್ನು ಕಂಡು ಮಾತಾಡಿದರು. ಅಂದರೆ ನಂಟು ಬರೀ ಕೂಲಿಯದಲ್ಲ.

ಎದುರು ವಾದ ಭಾಷೆಯದು. ಅಲ್ಲಿನ ಭಾರತೀಯರಲ್ಲಿ ದಕ್ಷಿಣದವರ ಪಾಲು ದೊಡ್ಡದು, ಅದರಲ್ಲೂ ಕೇರಳದವರದು. ಕುವೈತ್ ಕನ್ನಡ ಕೂಟ, ತುಳು ಕೂಟದಂಥ ಸಂಘಗಳನ್ನು ನಮ್ಮವರೇ ಕಟ್ಟಿ ನಡೆಸುತ್ತಿದ್ದಾರೆ. ದುಬೈನಲ್ಲಿ ಖಾಸಗಿ ಮಲಯಾಳಂ ಎಫ್‌ಎಂಗಳು ಜಾಹೀರಾತಿನ ಮೇಲೆಯೇ ಚೆನ್ನಾಗಿ ನಡೆಯುತ್ತಿವೆ. ಅಲ್ಲಿ ಭಾಷೆ ಆರಿಸಿದ್ದು ಮಾರುಕಟ್ಟೆ. ಕೇಳುಗ ಎಲ್ಲಿದ್ದಾನೋ ಅಲ್ಲಿಗೆ ಹೋಯಿತು. ಕುವೈತ್‌ನಲ್ಲಿ ಭಾಷೆ ಆರಿಸಿದ್ದು ಎರಡು ಸರ್ಕಾರಗಳು. ಸರ್ಕಾರಗಳಿಗೆ ಒಂದು ದೇಶಕ್ಕೆ ಒಂದು ಭಾಷೆ ಎನ್ನುವ ಲೆಕ್ಕ ಸುಲಭ. ಹೊರದೇಶದವರ ಕಣ್ಣಿಗೆ ಭಾರತ ಎಂದರೆ ಹಿಂದಿ ಎನ್ನುವ ಚಿತ್ರ ಹೀಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಅಸಮಾಧಾನ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರನೇ ದನಿ ಕುವೈತ್‌ನ ಒಳಗಿನದು. ಅಲ್ಲಿನ ಜನಸಂಖ್ಯೆಯಲ್ಲಿ ಮೂರನೇ ಎರಡರಷ್ಟು ಹೊರಗಿನವರು. 2020ರಲ್ಲಿ, ಕೋವಿಡ್ ಮತ್ತು ತೈಲ ಬೆಲೆ ಕುಸಿತದ ನಡುವೆ, ಕುವೈತ್‌ನ ಅಂದಿನ ಪ್ರಧಾನಿ ವಿದೇಶಿಯರನ್ನು ಶೇ 70ರಿಂದ 30ಕ್ಕೆ ಇಳಿಸಬೇಕು ಎಂದರು. ಭಾರತೀಯರು ಶೇ 15 ಮೀರಬಾರದು ಎಂಬ ಮಸೂದೆಯ ಕರಡೂ ಓಡಾಡಿತು. ಕೆಲವೇ ವರ್ಷದಲ್ಲಿ ಅದೇ ದೇಶ ಹಿಂದಿ ಪ್ರಸಾರ ಮಾಡಿದರೆ ಗೊಂದಲವಾಗುವುದಿಲ್ಲವೇ? ಆದರೆ ಎರಡಕ್ಕೂ ಜಗಳವಿಲ್ಲ. ಭಾರತೀಯ ಕಾರ್ಮಿಕರು ಕಡಿಮೆಯಾಗಲಿ, ಭಾರತ ಎಂಬ ದೇಶ ಹತ್ತಿರವಾಗಲಿ. ಕುವೈತ್‌ಗೆ ಈ ಎರಡೂ ಆಸೆ ಒಟ್ಟಿಗೇ ಇರಬಲ್ಲವು. ಭಾರತ ಅದರ ತೈಲ ಕೊಳ್ಳುವ ದೊಡ್ಡ ಗಿರಾಕಿ. ಬರೀ ಅಮೆರಿಕವನ್ನು ನೆಚ್ಚಿ ಕೂರುವ ಕಾಲವೂ ಇದಲ್ಲ. 2023ರ ಜನವರಿ 27ರಂದು ಬಿಬಿಸಿಯ ಅರಬ್ಬಿ ರೇಡಿಯೋ 85 ವರ್ಷದ ಮೇಲೆ ನಿಂತಿತು. 2025ರ ಮಾರ್ಚ್‌ನಲ್ಲಿ ‘ವಾಯ್ಸ್ ಆಫ್ ಅಮೆರಿಕ’ವೇ ಬಹುಮಟ್ಟಿಗೆ ಮೌನವಾಯಿತು. ಹಳೆಯ ದೊಡ್ಡಣ್ಣಂದಿರು ಮಾತು ಕಡಿಮೆ ಮಾಡಿದಾಗ ಚಿಕ್ಕವರು ಹೊಸ ಪರಿಚಯ ಹುಡುಕುತ್ತಾರೆ.

ಮುಂದೇನಾಗಬಹುದು

ಮೊಬೈಲ್ ಇರುವಾಗ ರೇಡಿಯೋ ಯಾಕೆ ಎಂಬ ಪ್ರಶ್ನೆಗೆ 1990 ಒಂದು ಉತ್ತರ ಕೊಟ್ಟಿದೆ. ಯುದ್ಧದಲ್ಲಿ ಫೋನ್ ಮೊದಲು ಸಾಯುತ್ತದೆ. ಆ ನೆನಪು ಇರುವ ದೇಶ ತನ್ನ ಗೋಪುರಗಳನ್ನು ಬೇಗ ಇಳಿಸುವುದಿಲ್ಲ. ಆದ್ದರಿಂದ ಕುವೈತ್ ರೇಡಿಯೋ ಉಳಿಯುತ್ತದೆ. ಅದರಲ್ಲಿ ಹಿಂದಿ ಏನಾಗುತ್ತದೆ ಅನ್ನುವುದು ಬೇರೆ ವಿಷಯ.

ಒಂದು ದಾರಿ, ಇದು ಹೀಗೇ ಉಳಿಯುವುದು. ಹಬ್ಬದ ಶುಭಾಶಯ, ಹಳೆ ಸಿನಿಮಾ ಹಾಡು, ರಾಯಭಾರಿಯ ಸಂದರ್ಶನ. ಸಂಬಂಧ ಚೆನ್ನಾಗಿರುವವರೆಗೆ ನಡೆಯುತ್ತದೆ.

ಇನ್ನೊಂದು ದಾರಿ ಕಷ್ಟದ್ದು. ಕಾರ್ಯಕ್ರಮ ಶುರುವಾದಾಗ ಕುವೈತ್‌ನಲ್ಲಿ ಒಂದು ಕ್ಷಮಾದಾನದ ಅವಧಿ ನಡೆಯುತ್ತಿತ್ತು. 2024ರ ಮಾರ್ಚ್ 17ರಿಂದ ಜೂನ್‌ವರೆಗೆ, ವಾಸದ ಪರವಾನಗಿ ಮುಗಿದವರು ದಂಡವಿಲ್ಲದೆ ಊರಿಗೆ ಹೋಗಬಹುದಿತ್ತು, ಇಲ್ಲವೇ ದಂಡ ಕಟ್ಟಿ ಕಾಗದ ಸರಿಮಾಡಿಕೊಳ್ಳಬಹುದಿತ್ತು. ಇಂಥ ನಿಯಮ ಹೊರಡುವುದು ಅರಬ್ಬಿಯಲ್ಲಿ. ಕಾರ್ಮಿಕನಿಗೆ ತಲುಪುವುದು ಯಾರೋ ಫಾರ್ವರ್ಡ್ ಮಾಡಿದ ಅರ್ಧಂಬರ್ಧ ಸಂದೇಶವಾಗಿ. ಅದೇ ಜೂನ್ 12ರಂದು ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ತರು. ಸುಮಾರು ಅರ್ಧ ಮಂದಿ ಕೇರಳದವರು. ಉಳಿದವರಲ್ಲಿ ತಮಿಳುನಾಡು, ಆಂಧ್ರದವರೂ ಇದ್ದರು. ರೇಡಿಯೋ ಬೆಂಕಿ ಆರಿಸುವುದಿಲ್ಲ. ಆದರೆ ಒಂದು ಕೋಣೆಯಲ್ಲಿ ಎಷ್ಟು ಜನ ಇರಬಹುದು, ದೂರು ಎಲ್ಲಿ ಕೊಡಬೇಕು, ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದೇ ಎಂದು ತಿಳಿಸಬಲ್ಲದು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಅಲ್ಲಿದೆ. ಅದನ್ನು ಮೇಸ್ತ್ರಿಗಿಂತ ಮೊದಲು ಕೂಲಿಗೆ ಹೇಳಬಲ್ಲದು.

ಅದಕ್ಕೆ ಅರ್ಧ ಗಂಟೆ ಸಾಲದು, ಹಿಂದಿ ಒಂದೇ ಸಾಲದು. ಮಲಯಾಳಂ, ತೆಲುಗು, ತಮಿಳು, ಬಂಗಾಳಿ ಬೇಕಾಗುತ್ತದೆ. ಕೆಲವು ನಿಮಿಷವಾದರೂ ಕನ್ನಡ, ತುಳು. ಆದರೆ ಅಲ್ಲೊಂದು ಅಡ್ಡಿ ಇದೆ. ಹಕ್ಕುಗಳ ಬಗ್ಗೆ ಮಾತಾಡಿದರೆ ಅಲ್ಲಿನ ಮಾಲೀಕರಿಗೆ ಇಷ್ಟವಾಗುವುದಿಲ್ಲ. ಮೇಲಾಗಿ 2024ರ ಮೇ 10ರಂದು ಅಮೀರ್ ಸಂಸತ್ತನ್ನು ವಿಸರ್ಜಿಸಿ ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷದವರೆಗೆ ಅಮಾನತಿನಲ್ಲಿಟ್ಟಿದ್ದಾರೆ. ಪ್ರಶ್ನೆ ಕೇಳುವ ಜಾಗ ಅರಬ್ಬಿಯಲ್ಲೇ ಕಿರಿದಾಗಿರುವಾಗ ಹಿಂದಿಯಲ್ಲಿ ದೊಡ್ಡದಾಗುವುದು ಅನುಮಾನ.

ಯಾವ ದಾರಿ ಹಿಡಿಯಿತು ಎಂದು ತಿಳಿಯಲು ದೊಡ್ಡ ಘೋಷಣೆ ಕಾಯಬೇಕಿಲ್ಲ. ವೇಳಾಪಟ್ಟಿ ನೋಡಿದರೆ ಸಾಕು. ಕುವೈತ್‌ನಲ್ಲಿ ಕೂಲಿಯವನಿಗೆ ಬಿಡುವು ಸಿಗುವುದು ಶುಕ್ರವಾರ. ಬಟ್ಟೆ ಒಗೆದು, ಕ್ಷೌರ ಮಾಡಿಸಿಕೊಂಡು, ಊರಿಗೆ ಫೋನ್ ಮಾಡುವ ದಿನ ಅದು. ಹಿಂದಿ ಕಾರ್ಯಕ್ರಮ ಭಾನುವಾರ ರಾತ್ರಿಯಿಂದ ಶುಕ್ರವಾರ ಬೆಳಿಗ್ಗೆಗೆ ಯಾವಾಗ ಸರಿಯುತ್ತದೋ ಆಗ ಅದು ಕೂಲಿಯವನ ಕೋಣೆಗೆ ಬಂತು ಎಂದು ಲೆಕ್ಕ.